ಕೋಮಾ ಗುಚ್ಛದ ಕಾಂತಕ್ಷೇತ್ರ: ಕೋನ ಅಳೆದ ಅನುಭವ

ಗೆಲಾಕ್ಸಿ ಗುಚ್ಛದ ಕಾಂತಕ್ಷೇತ್ರ ನೇರವಾಗಿ ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ. ಗುಚ್ಛದ ಹಿಂದಿರುವ ರೇಡಿಯೋ ಗೆಲಾಕ್ಸಿಯ ಧ್ರುವೀಕೃತ ಅಲೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಅಲೆ, ಅಲ್ಲಿನ ಬಿಸಿ ಅನಿಲ ದಾಟಿ ಬರುವಷ್ಟರಲ್ಲಿ ಅದರ ಕಂಪನದ ಕೋನ ಎಷ್ಟು ತಿರುಗಿದೆ ಅಂತ ಅಳೆಯುತ್ತೇವೆ, ಅಷ್ಟೇ. ಕಾಂತಕ್ಷೇತ್ರದಿಂದಾಗುವ ಇದಕ್ಕೆ ಫ್ಯಾರಡೆ ತಿರುವು ಅನ್ನುತ್ತಾರೆ. ತರಂಗಾಂತರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ.

ನಾನು ಆರಿಸಿಕೊಂಡದ್ದು ಸುಮಾರು 32 ಕೋಟಿ ಜ್ಯೋತಿರ್ವರ್ಷ ದೂರದ ಕೋಮಾ ಗುಚ್ಛ. ಅದು ನಮ್ಮ ಗೆಲಾಕ್ಸಿಯ ಉತ್ತರ ಧ್ರುವದ ದಿಕ್ಕಿನಲ್ಲೇ ಇರುವುದರಿಂದ ಆಕಾಶಗಂಗೆ ತಾನೇ ಸೇರಿಸುವ ತಿರುವು ಬಹಳ ಕಡಿಮೆ. ದತ್ತಾಂಶ ನ್ಯೂ ಮೆಕ್ಸಿಕೋದ ವಿಎಲ್‌ಎ ರೇಡಿಯೋ ದೂರದರ್ಶಕದ ಸಂಗ್ರಹದ್ದು, 1ರಿಂದ 2 ಗಿಗಾಹರ್ಟ್ಸ್ ಆವರ್ತನ ಪಟ್ಟಿ. ಉಪಗ್ರಹಗಳ ರೇಡಿಯೋ ಗದ್ದಲ ತೆಗೆದುಹಾಕುವುದು ಬೇಸರದ ಕೆಲಸ, ಮಾಡಲೇಬೇಕು.

ನಿಜವಾದ ಕಸರತ್ತು ಕ್ಯಾಲಿಬ್ರೇಷನ್‌ನಲ್ಲಿ, ಅಂದರೆ ಉಪಕರಣದ ದೋಷ ಸರಿಪಡಿಸುವುದರಲ್ಲಿ. ಆಂಟೆನಾದ ಎರಡು ಧ್ರುವೀಕರಣ ಚಾನೆಲ್‌ಗಳು ಒಂದಕ್ಕೊಂದು ಸೋರುತ್ತವೆ. ಆ ಸೋರಿಕೆಯನ್ನು ಧ್ರುವೀಕರಣವೇ ಇಲ್ಲದಂಥ 3ಸಿ147 ಎಂಬ ರೇಡಿಯೋ ಮೂಲದಿಂದ ಲೆಕ್ಕ ಹಾಕಿದೆ. ಕೋನದ ಶೂನ್ಯ ಎಲ್ಲಿ ಅನ್ನುವುದಕ್ಕೆ 3ಸಿ286 ಎಂಬ ಇನ್ನೊಂದು ಮೂಲ ಆಧಾರ. ಅದರ ಧ್ರುವೀಕರಣ ಕೋನ ಸುಮಾರು 33 ಡಿಗ್ರಿ, ಈ ಪಟ್ಟಿಯಲ್ಲಿ ಹೆಚ್ಚುಕಡಿಮೆ ಬದಲಾಗುವುದಿಲ್ಲ. ನಮ್ಮ ಭೂಮಿಯ ಮೇಲ್ವಾತಾವರಣದ ವಿದ್ಯುದಾವೇಶದ ಪದರ, ಅಯಾನುಗೋಳವೂ ಅಲೆಯನ್ನು ತಿರುಗಿಸುತ್ತದೆ, ಅದನ್ನು ಜಿಪಿಎಸ್ ಮಾಹಿತಿಯಿಂದ ಕಳೆಯಬೇಕು. ನಕ್ಷೆ ಚೆನ್ನಾಗಿ ಬಂತು ಅಂತ ಇದನ್ನೆಲ್ಲ ಬಿಟ್ಟವರ ಕೋನಗಳನ್ನು ನಾನು ನಂಬುವುದಿಲ್ಲ.

ಆವರ್ತನ ಚಾನೆಲ್‌ಗಳನ್ನು, ಅಂದರೆ ಪಟ್ಟಿಯ ಸಣ್ಣ ಸಣ್ಣ ತುಂಡುಗಳನ್ನು, ಒಟ್ಟುಗೂಡಿಸಿ ಸರಾಸರಿ ತೆಗೆಯಲೇಬಾರದು. ತಿರುವಿನ ಪ್ರಮಾಣ ಚದರ ಮೀಟರಿಗೆ 100 ರೇಡಿಯನ್ ಇದ್ದರೆ 20 ಸೆಂ.ಮೀ. ತರಂಗಾಂತರದಲ್ಲಿ ಅಲೆ 229 ಡಿಗ್ರಿ ತಿರುಗಿರುತ್ತದೆ, 6 ಸೆಂ.ಮೀ.ನಲ್ಲಿ ಬರೀ 21. ನನ್ನ ಪಟ್ಟಿಯ ಈ ತುದಿಯಿಂದ ಆ ತುದಿಗೆ ವ್ಯತ್ಯಾಸ ಒಂದು ಪೂರ್ತಿ ಸುತ್ತನ್ನೂ ಮೀರುತ್ತದೆ. ಸರಾಸರಿ ತೆಗೆದರೆ ಧ್ರುವೀಕರಣ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಹಾಗಾಗಿ ಪ್ರತಿ ಚಾನೆಲ್‌ಗೂ ಬೇರೆ ಬೇರೆ ಚಿತ್ರ ಮಾಡಿ, ಆಮೇಲೆ ತಿರುವಿನ ಸಂಶ್ಲೇಷಣೆ, ಅಂದರೆ ಬೇರೆ ಬೇರೆ ತಿರುವುಗಳನ್ನು ಊಹಿಸಿ, ಅಷ್ಟಷ್ಟು ಹಿಂದಕ್ಕೆ ತಿರುಗಿಸಿ ಚಾನೆಲ್‌ಗಳನ್ನು ಕೂಡಿಸುವುದು.

ಒಂದು ಮೂಲದಿಂದ ಏನೂ ಹೇಳಲಾಗದು. ದೃಷ್ಟಿರೇಖೆಯ ಉದ್ದಕ್ಕೂ ಕ್ಷೇತ್ರ ದಿಕ್ಕು ಬದಲಿಸುತ್ತಲೇ ಇರುತ್ತದೆ, ಒಂದು ಭಾಗದ ತಿರುವನ್ನು ಇನ್ನೊಂದು ಭಾಗ ರದ್ದು ಮಾಡುತ್ತದೆ. ಆದ್ದರಿಂದ ನೋಡಬೇಕಾದದ್ದು ಹಲವು ಮೂಲಗಳ ತಿರುವಿನ ಬೆಲೆಗಳ ಚದುರುವಿಕೆಯನ್ನು: ಕೇಂದ್ರದ ಹತ್ತಿರ ಹೆಚ್ಚು, ಹೊರಗೆ ಹೋದಂತೆ ಕಡಿಮೆ. ಅದರ ಜೊತೆಗೆ ಕ್ಷ-ಕಿರಣ ಚಿತ್ರದಿಂದ ಅನಿಲದ ಸಾಂದ್ರತೆ ಹಾಕಿದರೇನೇ ಕ್ಷೇತ್ರದ ಬಲ ಹೊರಬರುವುದು. 2010ರಲ್ಲಿ ಖಗೋಳಶಾಸ್ತ್ರಜ್ಞೆ ಬೊನಫೆಡೆ ತಂಡ ಏಳು ಮೂಲಗಳಿಂದ ಕೋಮಾದ ಕೇಂದ್ರಕ್ಕೆ 4.7 ಮೈಕ್ರೋಗಾಸ್ ಅಂತ ಕೊಟ್ಟಿತ್ತು. ಭೂಮಿಯ ಕ್ಷೇತ್ರದ ಸುಮಾರು ಲಕ್ಷದಲ್ಲೊಂದು ಪಾಲು.

ಗುಚ್ಛದ ಒಳಗಿನ ಮೂಲಗಳ ಬಗ್ಗೆ ಮಾತ್ರ ನನಗೆ ಅನುಮಾನ ಉಂಟು. ತಿರುವು ಗುಚ್ಛದ್ದೋ, ಆ ಗೆಲಾಕ್ಸಿಯ ಸುತ್ತಲಿನ ಅನಿಲದ್ದೋ ಬೇರ್ಪಡಿಸುವುದು ಕಷ್ಟ. ಹಿನ್ನೆಲೆಯವು ಮಂಕಾಗಿದ್ದರೂ ಅವಕ್ಕೇ ಹೆಚ್ಚು ತೂಕ ಕೊಡುತ್ತೇನೆ.