ಬ್ಯಾಂಕಿನ ನೋಟಿಸು ಬಂದರೆ ಮೊದಲು ತಾರೀಕು ಬರೆದಿಡಿ

ಸಿಂಧನೂರಿನಲ್ಲಿ ನಮ್ಮ ದೊಡ್ಡಪ್ಪ ಗೊಬ್ಬರದ ಅಂಗಡಿಗೆಂದು ಮನೆ ಅಡ ಇಟ್ಟು ಸಾಲ ತೆಗೆದಿದ್ದರು. ಎರಡು ವರ್ಷ ಬೆಳೆ ಕೈಕೊಟ್ಟಿತು, ಉದ್ರಿ ಒಯ್ದವರು ದುಡ್ಡು ತರಲಿಲ್ಲ, ಕಂತು ನಿಂತವು. ಬ್ಯಾಂಕಿನಿಂದ ಬಂದ ರಿಜಿಸ್ಟರ್ ಪತ್ರವನ್ನು ಒಡೆಯದೆ ದೇವರ ಮಾಡದಲ್ಲಿ, ಕುಂಕುಮದ ಭರಣಿಯ ಹಿಂದೆ ಸಿಕ್ಕಿಸಿಟ್ಟರು. ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿ ಹೋದ ಮೇಲೆಯೇ ಅದನ್ನು ಓದಿದ್ದು. ಆ ವ್ಯಾಜ್ಯ ಮುಗಿಯಲು ಒಂಬತ್ತು ವರ್ಷ ಹಿಡಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪತ್ರ ಕೈಗೆ ಬಂದ ದಿನವೇ ಲಕೋಟೆಯ ಮೇಲೆ ತಾರೀಕು ಬರೆದಿಡಿ. 2002ರ ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆಯೇ ಅಡದ ಆಸ್ತಿ ವಶಕ್ಕೆ ಪಡೆದು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನು) 13(2)ನೇ ಕಲಂ ಎಂದು ಅದರಲ್ಲಿದ್ದರೆ, ಬಾಕಿ ಕಟ್ಟಲು ನಿಮಗೆ 60 ದಿನ ಇವೆ. ಮ್ಯಾನೇಜರ್ ಮುಂದೆ ಕೂತು ಕಷ್ಟ ಹೇಳಿಕೊಂಡು ಬಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಖಾತೆಯ ಪೂರ್ತಿ ಲೆಕ್ಕ ತರಿಸಿ, ಕಟ್ಟಿದ ಕಂತೆಲ್ಲ ಜಮೆ ಆಗಿದೆಯೇ, ದಂಡ ಎಷ್ಟು ಹಾಕಿದ್ದಾರೆ ಎಂದು ಸಾಲು ಸಾಲು ನೋಡಿ. ತಕರಾರಿದ್ದರೆ ಬರೆದು, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬ್ಯಾಂಕು ಅದನ್ನು ಒಪ್ಪದಿದ್ದರೆ 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡಲೇಬೇಕು.

ಅಡ ಇಟ್ಟದ್ದು ಏನು ಎಂಬುದೂ ಮುಖ್ಯ. ಸಾಗುವಳಿ ಹೊಲಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ; 31ನೇ ಕಲಂ ಅದನ್ನು ಹೊರಗಿಟ್ಟಿದೆ. ಆದರೆ ಪಹಣಿಯಲ್ಲಿ ಹೊಲ ಎಂದಿದ್ದರಷ್ಟೇ ಸಾಲದು, ನಿಜಕ್ಕೂ ಅಲ್ಲಿ ಬೇಸಾಯ ನಡೆಯುತ್ತಿರಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಂಗಾವತಿ, ಸಿರುಗುಪ್ಪ ಕಡೆ ಗದ್ದೆಯಲ್ಲಿ ರೈಸ್‌ಮಿಲ್ ಎಬ್ಬಿಸಿದವರು ಇದನ್ನು ಗಮನಿಸಬೇಕು. ಹೊಲ ಹೊರಗುಳಿಯಿತು ಎಂದರೆ ಸಾಲ ಹೋಯಿತು ಎಂದಲ್ಲ. ಬ್ಯಾಂಕು ಬೇರೆ ದಾರಿಯಲ್ಲಿ ಬರುತ್ತದೆ.

ನಮ್ಮವರು ಹೆಚ್ಚು ವರ್ಷ ಕಳೆದುಕೊಳ್ಳುವುದು ಮುಂದಿನ ಹೆಜ್ಜೆಯಲ್ಲಿ. ಬಾಗಿಲಿಗೆ ನೋಟಿಸು ಬಿದ್ದ ಕೂಡಲೇ ದೊಡ್ಡಪ್ಪ ಊರಿನ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿದರು. ವಾಯಿದೆ ಮೇಲೆ ವಾಯಿದೆ ಬಿದ್ದು, ಎರಡು ವರ್ಷದ ನಂತರ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ದಾವೆ ವಜಾ ಆಯಿತು. ಕಾಯ್ದೆಯ 34ನೇ ಕಲಂ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿದೆ. ಹೋಗಬೇಕಾದದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅದೂ ಸ್ವಾಧೀನದ ನೋಟಿಸು ಬಿದ್ದ 45 ದಿನದೊಳಗೆ. ಮನೆಗೆ ಬೀಗ ಬೀಳಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಗೋಡೆಗೆ ಸ್ವಾಧೀನದ ನೋಟಿಸು ಅಂಟಿದಾಗಲೇ ಅರ್ಜಿ ಹಾಕಬಹುದು. ರಾಯಚೂರಿನವರು ಹೈಕೋರ್ಟಿನ ಕಲಬುರಗಿ ಪೀಠಕ್ಕೆ, ಕೊಪ್ಪಳ ಬಳ್ಳಾರಿಯವರು ಧಾರವಾಡ ಪೀಠಕ್ಕೆ ಓಡುವುದುಂಟು. ಮೊದಲು ನ್ಯಾಯಮಂಡಳಿಗೆ ಹೋಗಿ ಎಂದು ಹೈಕೋರ್ಟ್ ಬಹಳ ಸಲ ವಾಪಸ್ ಕಳಿಸುತ್ತದೆ. ನ್ಯಾಯಮಂಡಳಿಯಲ್ಲಿ ಸೋತರೆ ಚೆನ್ನೈನ ಮೇಲ್ಮನವಿ ಮಂಡಳಿ ಇದೆ, ಆದರೆ ಬಾಕಿಯ ಅರ್ಧ ಠೇವಣಿ ಇಡಬೇಕು. ಮಂಡಳಿ ಮನಸ್ಸು ಮಾಡಿದರೆ ಅದನ್ನು ಕಾಲು ಭಾಗಕ್ಕೆ ಇಳಿಸಬಹುದು.

ದುಡ್ಡು ಹೊಂದಿಸುವ ದಾರಿ ಇದ್ದರೆ ಹರಾಜಿನ ಪ್ರಕಟಣೆ ಹೊರಬೀಳುವ ಮುಂಚೆ ಪೂರ್ತಿ ಬಾಕಿ, ಖರ್ಚು ಕಟ್ಟಿ ಬಿಡಿಸಿಕೊಳ್ಳಿ. 2016ರ ತಿದ್ದುಪಡಿಯ ನಂತರ, ಪ್ರಕಟಣೆ ಬಂದ ಮೇಲೆ ಆ ಹಕ್ಕು ಉಳಿಯುವುದಿಲ್ಲ.

ಒಂದೇ ಸಲಕ್ಕೆ ತೀರುವಳಿ ಮಾಡಿಕೊಳ್ಳುವುದಾದರೆ ಮೊತ್ತ, ಗಡುವು ಎರಡೂ ಬ್ಯಾಂಕಿನ ಪತ್ರದಲ್ಲಿ ಇರಲಿ. ವಕೀಲರಿಗೆ ದುಡ್ಡಿಲ್ಲದ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ನಿಮಗೆ ಆದಾಯದ ಮಿತಿ ಇಲ್ಲ.

ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕೈಗೆ ಬಂದ ವಾರದಲ್ಲೇ ಉಪ ನೋಂದಣಿ ಕಚೇರಿಯಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಅಡ ಬಿಡುಗಡೆಯ ನಮೂದು ಬಿದ್ದಿದೆಯೇ ನೋಡಿಕೊಳ್ಳಿ.