ಹಳೆ ಅಂಬಾಸಿಡರ್, ಪದ್ಮಿನಿಗಳ ಚಾರ್ಜಿಂಗ್ ದೋಷ: ಡೈನಮೊ ಬಿಚ್ಚುವ ಮೊದಲು

ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಮೊದಲು ಬಾನೆಟ್ ಎತ್ತಿ, ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ ಡೈನಮೊನೋ ಆಲ್ಟರ್ನೇಟರೋ ನೋಡಿ. ಉದ್ದನೆಯ ಕೊಳವೆಯಂತಿರುವುದು ಡೈನಮೊ. ಗಿಡ್ಡಗೆ ದಪ್ಪಗಿದ್ದು ಮೈತುಂಬ ಗಾಳಿಕಂಡಿ ಇದ್ದರೆ ಆಲ್ಟರ್ನೇಟರ್. ಇಲ್ಲಿ ಹೇಳುವುದು ಮುಖ್ಯವಾಗಿ ಲ್ಯೂಕಸ್ ಕಂಪನಿ ಮಾದರಿಯ ಡೈನಮೊ ಬಗ್ಗೆ.

ಐಡ್ಲಿಂಗ್‌ನಲ್ಲಿ ಡೈನಮೊ ಚಾರ್ಜ್ ಕೊಡುವುದಿಲ್ಲ ಅಂದರೂ ನಡೆಯುತ್ತದೆ. ಎಂಜಿನ್ ಓಡುತ್ತಾ ಗಾಡಿ ನಿಂತಾಗ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಮಿಣುಕಿದರೆ ಅದು ದೋಷವಲ್ಲ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ರಾತ್ರಿ ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಹೆಡ್‌ಲೈಟ್ ಹಚ್ಚಿಕೊಂಡು ತೆವಳಿದರೆ ಸರಿಯಿರುವ ಗಾಡಿಯ ಬ್ಯಾಟರಿಯೂ ಇಳಿಯುತ್ತದೆ. ಲ್ಯೂಕಸ್‌ನ ಸಿ40 ಮಾದರಿಯ ಡೈನಮೊ ಪೂರ್ತಿ ವೇಗದಲ್ಲಿ ಕೊಡುವುದೇ ಸುಮಾರು 22 ಆಂಪಿಯರ್. ಹೆಡ್‌ಲೈಟ್‌ಗಳೇ ಅದರಲ್ಲಿ 8-10 ನುಂಗುತ್ತವೆ.

ಒಂದು ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ; ಹೊರಗೆ ಚಾರ್ಜ್ ಮಾಡಿಸಿಯೇ ಮುಂದಿನ ಪರೀಕ್ಷೆಗೆ ಇಳಿಯಿರಿ. ಫ್ಯಾನ್ ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿ.ಮೀ. ಬಾಗಬೇಕು. ಬೆಲ್ಟನ್ನು ಅತಿ ಬಿಗಿ ಮಾಡಿದರೆ ಡೈನಮೊದ ಹಿಂದಿನ ಬುಷ್ (ಶಾಫ್ಟ್ ತಿರುಗುವ ಲೋಹದ ಬಳೆ) ಬೇಗ ಸವೆಯುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಟರ್ಮಿನಲ್ ಮತ್ತು ಅರ್ಥಿಂಗ್ ಪಟ್ಟಿ (ಬ್ಯಾಟರಿಯ ಒಂದು ತುದಿಯನ್ನು ಗಾಡಿಯ ಮೈಗೆ ಜೋಡಿಸುವುದು) ತುಕ್ಕು ಹಿಡಿಯುವುದೇ ಹೆಚ್ಚು. ಎಂಜಿನ್ ವೇಗದಲ್ಲಿ ಓಡುವಾಗ, ಹೆಡ್‌ಲೈಟ್ ಹಚ್ಚಿ, ಬ್ಯಾಟರಿಯ ಅರ್ಥ್ ತುದಿಗೂ ಡೈನಮೊ ಮೈಗೂ ಮೀಟರ್ ಹಿಡಿಯಿರಿ. 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಪಟ್ಟಿ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ ಕೂರಿಸಿ.

ಇನ್ನು ಡೈನಮೊ. ಅದರ ಎರಡೂ ವೈರ್ ಕಳಚಿ. ದೊಡ್ಡ ಟರ್ಮಿನಲ್ ಡಿ, ಸಣ್ಣದು ಎಫ್. ಎರಡನ್ನೂ ತುಂಡು ವೈರಿನಿಂದ ಜೋಡಿಸಿ, ಮೀಟರಿನ ಒಂದು ತುದಿ ಅಲ್ಲಿಗೆ, ಇನ್ನೊಂದು ಡೈನಮೊ ಮೈಗೆ. ಎಂಜಿನ್ ಚಾಲೂ ಮಾಡಿ ನಿಧಾನಕ್ಕೆ 1000 ಆರ್‌ಪಿಎಂ ತನಕ ಏರಿಸಿ. ವೋಲ್ಟ್ ಸರಸರನೆ 20ರ ಹತ್ತಿರ ಏರಿದರೆ ಡೈನಮೊ ಗಟ್ಟಿ; ಅಲ್ಲಿಗೇ ನಿಲ್ಲಿಸಿ, ರೇಸ್ ಮಾಡಿದರೆ ವೈಂಡಿಂಗ್ ಸುಡುತ್ತದೆ. ಸೊನ್ನೆ ಬಂದರೆ ಕಾರ್ಬನ್ (ಬ್ರಷ್) ನೋಡಿ: 7 ಮಿ.ಮೀ. ಒಳಗೆ ಸವೆದಿದ್ದರೆ ಬದಲಿಸಿ, ಸಿಕ್ಕಿಕೊಂಡಿದ್ದರೆ ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಅರ್ಧದಿಂದ ಒಂದು ವೋಲ್ಟ್ ಆದರೆ ಫೀಲ್ಡ್ ಸುರುಳಿಯ (ಕಾಂತ ಹುಟ್ಟಿಸುವ, ಅಲುಗದ ಸುರುಳಿ) ಮೇಲೆ ಅನುಮಾನ, 4-5 ಆದರೆ ಆರ್ಮೇಚರ್ (ಒಳಗೆ ತಿರುಗುವ ಸುರುಳಿ) ಮೇಲೆ. ಕಮ್ಯುಟೇಟರ್ (ಕಾರ್ಬನ್ ಉಜ್ಜುವ ತಾಮ್ರದ ಉರುಳೆ) ಕಪ್ಪಾಗಿದ್ದರೆ ಸಣ್ಣ ಗ್ಲಾಸ್ ಪೇಪರ್ ಸಾಕು. ಎಮರಿ ಪೇಪರ್ ಬೇಡ, ಅದರ ಪುಡಿ ಸಂದಿಯಲ್ಲಿ ಕೂತು ಕಾರ್ಬನ್ನನ್ನೇ ತಿನ್ನುತ್ತದೆ.

ವೈಂಡಿಂಗ್ ಮಾಡಿಸಿ ತಂದ ಡೈನಮೊ ಕೆಲಸ ಮಾಡದಿದ್ದರೆ ಗಾಬರಿ ಬೇಡ. ಎಫ್ ವೈರ್ ಕಳಚಿ, ಬ್ಯಾಟರಿಯ ಅರ್ಥ್ ಅಲ್ಲದ ತುದಿಯಿಂದ ಒಂದು ವೈರ್ ತಂದು ಎಫ್ ಟರ್ಮಿನಲ್‌ಗೆ ಒಂದೆರಡು ಸೆಕೆಂಡ್ ತಾಗಿಸಿ. ಅದರ ಕಾಂತ ಮತ್ತೆ ಎದ್ದು ಕೂರುತ್ತದೆ. ಹಳೆಯ ಕೆಲವು ಗಾಡಿಗಳು ಪಾಸಿಟಿವ್ ಅರ್ಥ್ (ಪ್ಲಸ್ ತುದಿ ಗಾಡಿಯ ಮೈಗೆ) ಇರುತ್ತವೆ, ಬ್ಯಾಟರಿ ಪಟ್ಟಿಯ ಗುರುತು ನೋಡಿಯೇ ವೈರ್ ಹಿಡಿಯಿರಿ.

ಡೈನಮೊ ಸರಿಯಿದ್ದರೆ ವೈರ್‌ಗಳನ್ನು ಅಲ್ಲಿ ಮರಳಿ ಹಾಕಿ, ಕಟೌಟ್ ಪೆಟ್ಟಿಗೆಯಲ್ಲಿ (ಚಾರ್ಜನ್ನು ಹದದಲ್ಲಿಟ್ಟು, ಡೈನಮೊ ನಿಂತಾಗ ಬ್ಯಾಟರಿಯಿಂದ ಬೇರ್ಪಡಿಸುವುದು) ಡಿ, ಎಫ್ ವೈರ್ ಬಿಚ್ಚಿ ಜೋಡಿಸಿ ಅದೇ ಪರೀಕ್ಷೆ ಮಾಡಿ. ಅಲ್ಲೂ ಅಷ್ಟೇ ವೋಲ್ಟ್ ಬಂದರೆ ದೋಷ ಪೆಟ್ಟಿಗೆಯಲ್ಲಿದೆ. ವೇಗದಲ್ಲೂ ಕೆಂಪು ದೀಪ ಮಂಕಾಗಿ ಉರಿಯುತ್ತಿದ್ದರೆ ಕಟೌಟ್ ಪಾಯಿಂಟ್ (ಕೂಡಿ ಬಿಡುವ ಸಂಪರ್ಕದ ತುದಿ) ಕೊಳೆಯಾಗಿರುವ ಸಾಧ್ಯತೆ ಹೆಚ್ಚು. ಬ್ಯಾಟರಿ ಬಿಚ್ಚಿಟ್ಟು ಗ್ಲಾಸ್ ಪೇಪರಿನ ಪಟ್ಟಿಯನ್ನು ನಡುವೆ ಎಳೆದು, ಸ್ಪಿರಿಟ್ ಹಾಕಿ ಒರೆಸಿ. ಎಂಜಿನ್ ನಿಂತ ಮೇಲೂ ಪಾಯಿಂಟ್ ಅಂಟಿಕೊಂಡೇ ಇದ್ದರೆ ಬ್ಯಾಟರಿ ಡೈನಮೊ ಮೂಲಕವೇ ಖಾಲಿಯಾಗುತ್ತದೆ, ವೈಂಡಿಂಗ್ ಸುಟ್ಟ ವಾಸನೆಯೂ ಬರಬಹುದು. ಆಗ ತಕ್ಷಣ ಬ್ಯಾಟರಿ ವೈರ್ ಕಿತ್ತು ಬಿಡಿ. ಪೆಟ್ಟಿಗೆಯ ಇ (ಅರ್ಥ್) ವೈರ್ ಸಡಿಲಾದರೆ ತಿರುಗುಮುರುಗು ದೋಷ, ಓವರ್ ಚಾರ್ಜ್. ವಿಜಯಪುರದ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬ್ಯಾಟರಿ ನೀರು ಹೇಗೂ ಬೇಗ ಇಂಗುತ್ತದೆ, ಆದರೆ ವಾರಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ಬೇಕಾದರೆ ಬಿಸಿಲಿಗೆ ದೂರು ಹೇಳದೆ ಆ ವೈರ್ ಬಿಗಿ ಮಾಡಿ. ಪೆಟ್ಟಿಗೆಯ ಸ್ಕ್ರೂ ಮಾತ್ರ ಅಂದಾಜಿನಲ್ಲಿ ತಿರುಗಿಸಬೇಡಿ.

ಆಲ್ಟರ್ನೇಟರ್ ಗಾಡಿಗೆ ಡಿ-ಎಫ್ ಜೋಡಿಸುವ ಈ ಪರೀಕ್ಷೆ ಬೇಡವೇ ಬೇಡ. ತುಸು ಏರಿಸಿದ ಐಡ್ಲಿಂಗ್‌ನಲ್ಲಿ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬಂದರೆ ಸರಿ. ಚಾಲೂ ಇದ್ದಾಗ ಬ್ಯಾಟರಿ ವೈರ್ ತೆಗೆದು ನೋಡುವ ಹಳೆ ಚಾಳಿ ಆಲ್ಟರ್ನೇಟರ್ ಒಳಗಿನ ಡಯೋಡ್‌ಗಳ ಜೀವ ತೆಗೆಯುತ್ತದೆ.