26 ಇನ್ನಿಂಗ್ಸ್ ಸ್ಕೋರ್ ಶೀಟ್ ಕೊನೆಗೂ ಟ್ಯಾಲಿ ಆಯ್ತು

ಬರೀ ಬಾಕ್ಸ್ ಸ್ಕೋರ್ (ಪೇಪರಲ್ಲಿ ಬರೋ, ಆಟಗಾರರ ಒಟ್ಟು ಲೆಕ್ಕದ ಪಟ್ಟಿ) ಇಟ್ಕೊಂಡು ಹಳೇ ಬೇಸ್‌ಬಾಲ್ ಮ್ಯಾಚನ್ನ ಒಬ್ಬೊಬ್ಬ ಬ್ಯಾಟರ್ ಲೆಕ್ಕದಲ್ಲಿ ಪೂರ್ತಿ ಕಟ್ಟೋಕಾಗಲ್ಲ ಅಂತ ಕೆಲವರು ವಾದ ಮಾಡ್ತಿದ್ರಲ್ಲ, ಅವರಿಗೋಸ್ಕರ ಬರೀತಿದೀನಿ. ಮ್ಯಾಚ್ ಯಾವ್ದು ಅಂದ್ರೆ 1920ರ ಮೇ 1, ಬಾಸ್ಟನ್ನಿನ ಬ್ರೇವ್ಸ್ ಫೀಲ್ಡು, ಬ್ರೂಕ್ಲಿನ್ ರಾಬಿನ್ಸ್ ಮೇಲೆ ಬ್ರೇವ್ಸ್, 26 ಇನ್ನಿಂಗ್ಸ್ (ಮಾಮೂಲಿ ಮ್ಯಾಚ್ 9 ಅಷ್ಟೇ) ಆಡಿ 1-1 ಇದ್ದಾಗ ಕತ್ತಲಾಯ್ತು ಅಂತ ಅಂಪೈರ್ ಮೆಕಾರ್ಮಿಕ್ ನಿಲ್ಲಿಸಿದ್ದು. ಬಾಲ್ ಎಸೆಯೋ ಪಿಚರ್‌ಗಳು, ಬ್ರೂಕ್ಲಿನ್ನಿನ ಕ್ಯಾಡೋರ್, ಬಾಸ್ಟನ್ನಿನ ಎಶ್ಗರ್, ಇಬ್ರೂ ಮೊದಲ ಬಾಲಿಂದ ಕೊನೇವರೆಗೂ ಪಿಚ್ ಮಾಡಿದಾರೆ, ಪಿಚರ್ ಬದಲಾವಣೆ ಹುಡುಕೋ ತಲೆನೋವೇ ಇಲ್ಲ.

ಮೊದಲು ಎಲ್ಲರ ಥರ 1ನೇ ಇನ್ನಿಂಗ್ಸಿಂದ ಶುರು ಮಾಡ್ದೆ, ಕೆಲಸಕ್ಕೆ ಬರ್ಲಿಲ್ಲ. ರನ್ ಬಂದ ಇನ್ನಿಂಗ್ಸ್ ಬಗ್ಗೆ ಪೇಪರ್‌ನವರು ಚೆನ್ನಾಗಿ ಬರೆದಿರ್ತಾರೆ, ಏನೂ ಆಗದೇ ಇರೋದನ್ನ ಒಂದೇ ಸಾಲಲ್ಲಿ ಮುಗಿಸ್ತಾರೆ, ಇಲ್ಲಿ ಮುಕ್ಕಾಲು ಪಾಲು ಏನೂ ಆಗದೇ ಇರೋದೇ! ಮೈಕ್ರೋಫಿಲ್ಮ್ ಪ್ರಿಂಟಲ್ಲಿ 3 ಯಾವ್ದು 8 ಯಾವ್ದು ಗೊತ್ತಾಗ್ತಿರ್ಲಿಲ್ಲ. ಆರ್ಕೈವ್ ಚಂದಾ, ಪ್ರಿಂಟು, ಓಡಾಟ ಎಲ್ಲ ಸೇರಿ ಸುಮಾರು 200 ಡಾಲರ್ ಹೋಯ್ತು ಅನ್ಸುತ್ತೆ, ಮನೇಲಿ ಕಮ್ಮಿ ಹೇಳಿದೀನಿ.

ಆಮೇಲೆ ಗೂಟ ಹೊಡೆದು ದಾರ ಕಟ್ಟೋ ಥರ ಮಾಡ್ದೆ, ಖಾತ್ರಿ ಗೊತ್ತಿರೋ ಇನ್ನಿಂಗ್ಸೇ ಗೂಟ, ಮಧ್ಯದ್ದೆಲ್ಲ ಅವುಗಳಿಂದ ಲೆಕ್ಕ. 5ನೇ ಇನ್ನಿಂಗ್ಸಲ್ಲಿ ಬ್ರೂಕ್ಲಿನ್ನಿನ ಕ್ರೂಗರ್‌ಗೆ ವಾಕ್ (ನಾಲ್ಕು ಕೆಟ್ಟ ಬಾಲ್‌ಗೆ ಪುಕ್ಕಟೆ ಸಿಗೋ ಫಸ್ಟ್ ಬೇಸ್), ಕ್ಯಾಡೋರ್ ಪಿಚರ್ ಕಡೆಗೇ ಹೊಡೆದು ಔಟ್, ಓಲ್ಸನ್ ಸಿಂಗಲ್‌ಗೆ (ಒಂದು ಬೇಸಿನ ಹಿಟ್) ಕ್ರೂಗರ್ ಹೋಮ್ ಸೇರಿ ರನ್ ಮಾಡ್ದ, ಅಂದ್ರೆ ಬ್ಯಾಟಿಂಗಲ್ಲಿ 8, 9, 1 ಕ್ರಮ ಖಾತ್ರಿ. 17ರಲ್ಲಿ ಬೇಸ್ ತುಂಬಿ ಒಬ್ಬ ಔಟ್ ಆಗಿದ್ದಾಗ ಬಂದವನು ಎಲಿಯಟ್, ಕ್ರೂಗರ್ ಬದಲಿಗೆ ಬಂದ ಕ್ಯಾಚರ್, ಅದೇ 8ನೇ ಜಾಗ. ಅಲ್ಲಿಗೆ 5ನೇ ಇನ್ನಿಂಗ್ಸಿನ ಕ್ರೂಗರ್‌ನಿಂದ ಹಿಡಿದು ಎಲಿಯಟ್‌ಗಿಂತ ಹಿಂದಿನವನವರೆಗೆ ಬಂದ ಬ್ಯಾಟರ್‌ಗಳ ಲೆಕ್ಕ 9ರಿಂದ ಭಾಗ ಹೋಗ್ಲೇಬೇಕು, ಹೋಗ್ಲಿಲ್ಲ ಅಂದ್ರೆ ಎಲ್ಲೋ ಒಂದು ವಾಕೋ ಸ್ಯಾಕ್ರಿಫೈಸೋ (ತಾನು ಔಟಾಗಿ ಜೊತೆಯವನನ್ನ ಮುಂದೆ ದಾಟಿಸೋದು) ಬಿಟ್ಟುಹೋಗಿದೆ ಅಂತ. ಎಲಿಯಟ್ ಆಟಾನೂ ಮಜಾ, ಎಶ್ಗರ್ ಕೈಗೆ ಹೊಡೆದ, ಹೋಮಲ್ಲಿ ವ್ಹೀಟ್ ಔಟ್, ಬಾಸ್ಟನ್ ಕ್ಯಾಚರ್ ಗೌಡಿ ಫಸ್ಟ್‌ಗೆ ಎಸೆದ, ಅಷ್ಟರಲ್ಲಿ ಬೇಸ್ ಮೇಲಿದ್ದ ಕೊನೆಚಿ ಹೋಮ್‌ಗೆ ಓಡಿ ಬಂದ, ಫಸ್ಟಲ್ಲಿದ್ದ ಹೋಲ್ಕ್ ವಾಪಸ್ ಎಸೆದಾಗ ಗೌಡಿ ಹಾರಿ ಬಾಲ್ ಮುಟ್ಟಿಸಿ ಔಟ್ ಮಾಡ್ದ. ಶೀಟಲ್ಲಿ 1-2-3-2 (ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸಿನವನು 3). ಬರೆಯೋವಾಗ ಕೈ ನಡುಗ್ತು ಅಂದ್ರೆ ನಗ್ಬೇಡಿ.

ಬಾಸ್ಟನ್ ಕಡೆ 6ನೇ ಇನ್ನಿಂಗ್ಸಲ್ಲಿ ಕ್ರೂಸ್ ಟ್ರಿಪಲ್ (ಮೂರು ಬೇಸಿನ ಹಿಟ್), ಬೋಕೆಲ್ ಸಿಂಗಲ್, ಅದೇ ಗೂಟ. ಹಿಟ್‌ಗಳು ಬಾಸ್ಟನ್‌ಗೆ 15, ಬ್ರೂಕ್ಲಿನ್‌ಗೆ 9, ಆ 9ರಲ್ಲಿ ಒಂದೂ ಕೊನೇ ಒಂಬತ್ತು ಇನ್ನಿಂಗ್ಸಲ್ಲಿ ಬಂದಿಲ್ಲ, ಅಲ್ಲಿ ಕೆಲಸ ಸಲೀಸು. ಕಡೆಗೆ ಎರಡೂ ಕಡೆ 78 ಔಟು, 1 ರನ್ನು, ಬೇಸ್ ಮೇಲೆ ಉಳಿದವರು, ಮೂರೂ ಕೂಡಿದ್ರೆ ಬ್ಯಾಟ್ ಮಾಡಕ್ಕೆ ಬಂದವರ ಲೆಕ್ಕಕ್ಕೆ ಸರಿಯಾಗಿ ಕೂತ್ಕೊಂಡ್ತು. ಉಳಿದವರನ್ನ ಇನ್ನಿಂಗ್ಸ್‌ವಾರು ಹಂಚೋಕೆ ಒಂದು ಉಪಾಯ ಇದೆ, ಅದನ್ನ ಇಲ್ಲಿ ಬಿಚ್ಚಲ್ಲ.

ಮಧ್ಯೆ ಬೇಜಾರಾಗಿ ದಾಳ ಹಾಕಿ ಇದೇ ಮ್ಯಾಚ್ ಆಡ್ಸಿ ನೋಡ್ದೆ, ಬಹುಪಾಲು ಹತ್ತು ಹನ್ನೆರಡರೊಳಗೇ ಮುಗಿದೋಗ್ತಿತ್ತು. ಬಾಸ್ಟನ್ನಿನ ಚಾರ್ಲಿ ಪಿಕ್ 11 ಸಲ ಬ್ಯಾಟ್ ಮಾಡಿ ಒಂದೂ ಹಿಟ್ ಇಲ್ಲ ಅನ್ನೋದಂತೂ ದಾಳದಲ್ಲಿ ಬರ್ಲೇ ಇಲ್ಲ.

ಬ್ರೂಕ್ಲಿನ್‌ನವರ ಕಥೆ ಅಲ್ಲಿಗೇ ಮುಗೀಲಿಲ್ಲ, ಮರುದಿನ ಭಾನುವಾರ ಊರಿಗೆ ಹೋಗಿ ಫಿಲಡೆಲ್ಫಿಯಾದ ಫಿಲ್ಲೀಸ್ ಕೈಲಿ 13 ಇನ್ನಿಂಗ್ಸ್ ಆಡಿ ಸೋತ್ರು, ಸೋಮವಾರ ಮತ್ತೆ ಬಾಸ್ಟನ್ನಿಗೆ ಬಂದು 19 ಇನ್ನಿಂಗ್ಸ್ ಆಡಿ ಸೋತ್ರು, 58 ಇನ್ನಿಂಗ್ಸ್‌ಗೆ ಒಂದು ಗೆಲುವಿಲ್ಲ. ಆ 19ರದ್ದು ಈಗ ಕೈಗೆತ್ಕೊಂಡಿದೀನಿ, ಒಳ್ಳೇ ಪ್ರಿಂಟ್ ಯಾರ ಹತ್ರನಾದ್ರೂ ಇದ್ರೆ ಹೇಳಿ, ಬದಲಿಗೆ 26ರ ಶೀಟ್ ಕೊಡ್ತೀನಿ.